ಅವನು ಹೇಳಿದ್ದು ‘ನಾವು’

ಪ್ರಿಯ ಲೇಖಕರೇ,

ನಮಸ್ಕಾರ. ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿಯ ‘ಜಿಗ್ಗಿ ಸ್ಟಾರ್‌ಡಸ್ಟ್ ಆ್ಯಂಡ್ ದಿ ಸ್ಪೈಡರ್ಸ್ ಫ್ರಮ್ ಮಾರ್ಸ್’ ಎಂಬ ಸಂಗೀತ ಕಛೇರಿಯ ಚಿತ್ರವನ್ನು ಕುರಿತು ನೀವು ಕಳುಹಿಸಿದ ಎಂಟು ಪುಟಗಳ ಲೇಖನ ತಲುಪಿದೆ. ನಿಮ್ಮ ಭಾಷೆ ಸ್ವಚ್ಛವಾಗಿದೆ. ಎತ್ತರದ ಹಿಮ್ಮಡಿಯ ಬೂಟು, ಮಿನುಗುವ ಉಡುಪು, ಗಂಡಸರ ಮುಖಕ್ಕೆ ಬಣ್ಣ, 1970ರ ದಶಕದ ಆರಂಭದ ಇಂಗ್ಲೆಂಡ್ ಎಂದು ಗ್ಲ್ಯಾಮ್ ರಾಕನ್ನು ಒಂದೇ ಪ್ಯಾರಾದಲ್ಲಿ ಪರಿಚಯಿಸಿದ್ದೀರಿ. ಅದರ ಹೆಸರೇ ಕೇಳದವರಿಗೂ ಅರ್ಥವಾಗುತ್ತದೆ. ಹೊಗಳಿಕೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ನಿಮ್ಮ ಮೂರನೆಯ ಪುಟ ನನ್ನನ್ನು ಎರಡು ದಿನಗಳಿಂದ ಕಾಡುತ್ತಿದೆ, ಮಾತನಾಡಬೇಕಾಗಿರುವುದು ಅದರ ಬಗ್ಗೆ.

ಆ ಪುಟದಲ್ಲಿ ನೀವು ಬರೆದಿರುವ ವಾಕ್ಯ ಇದು: “1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ‘ಇದು ನನ್ನ ಕೊನೆಯ ಪ್ರದರ್ಶನ’ ಎಂದು ಘೋಷಿಸಿದ ಬೋವಿ, ಭಾವುಕರಾಗಿ ನಿಂತಿದ್ದ ಸಹಕಲಾವಿದರ ನಡುವೆ ವೇದಿಕೆಗೆ ಶಾಶ್ವತ ವಿದಾಯ ಹೇಳಿದನು.” ತಾರೀಖು ಸರಿ, ಸಭಾಂಗಣ ಸರಿ. ಉಳಿದದ್ದೆಲ್ಲ ತಪ್ಪು.

ಮೊದಲಿಗೆ ‘ನನ್ನ’ ಎಂಬ ಪದ. ಕಡೆಯ ಹಾಡಿಗೆ ಮುಂಚೆ ಬೋವಿ ವಾದ್ಯವೃಂದಕ್ಕೂ ಸಾಮಾನು ಹೊರುವವರಿಗೂ ಬೆಳಕಿನವರಿಗೂ ಕೃತಜ್ಞತೆ ಹೇಳಿ, ಇದು ಈ ಪ್ರವಾಸದ ಕೊನೆಯ ಪ್ರದರ್ಶನ ಮಾತ್ರವಲ್ಲ, ನಾವು ಎಂದಾದರೂ ಮಾಡುವ ಪ್ರದರ್ಶನಗಳಲ್ಲೇ ಕೊನೆಯದು ಎಂಬರ್ಥದ ಮಾತನ್ನಾಡುತ್ತಾನೆ. ಅವನು ಹೇಳಿದ್ದು ‘ನಾವು’. ನೀವು ಅದನ್ನು ‘ನಾನು’ ಮಾಡಿದಿರಿ, ಬಹುಶಃ ಯೋಚಿಸದೆಯೇ, ತಾರೆಯೊಬ್ಬ ವಿದಾಯ ಹೇಳುವುದೆಂದರೆ ಹೀಗೆಯೇ ಇರಬೇಕೆಂಬ ಅಭ್ಯಾಸದಿಂದ. ಆದರೆ ಆ ಇಡೀ ಚಿತ್ರದ ಕ್ರೌರ್ಯವೂ ಆಕರ್ಷಣೆಯೂ ಆ ಒಂದು ಬಹುವಚನದಲ್ಲಿದೆ. ಕಚೇರಿಯಲ್ಲಿ ಮೇಲಧಿಕಾರಿ ‘ಇನ್ನು ಮುಂದೆ ನಾವು ಈ ವಿಭಾಗವನ್ನು ನಡೆಸುವುದಿಲ್ಲ’ ಎಂದಾಗ ಆ ‘ನಾವು’ ಎಂಬುದರಲ್ಲಿ ಯಾರಿಗೆ ಕೆಲಸ ಉಳಿಯುತ್ತದೆ, ಯಾರಿಗೆ ಹೋಗುತ್ತದೆ ಎಂಬುದು ಸಂಬಳದ ಮೇಲೆ ಬದುಕಿದವರಿಗೆಲ್ಲ ಗೊತ್ತು.

ಎರಡನೆಯದು, ‘ಭಾವುಕರಾಗಿ ನಿಂತಿದ್ದ ಸಹಕಲಾವಿದರು’. ಗಿಟಾರ್ ವಾದಕ ಮಿಕ್ ರಾನ್ಸನ್‌ಗೆ ವಿಷಯ ಮೊದಲೇ ತಿಳಿದಿತ್ತು. ಬೇಸ್ ನುಡಿಸುತ್ತಿದ್ದ ಟ್ರೆವರ್ ಬೋಲ್ಡರ್‌ಗೂ ಡ್ರಮ್ಸ್‌ನ ಹಿಂದೆ ಕುಳಿತಿದ್ದ ವುಡಿ ವುಡ್‌ಮನ್ಸಿಗೂ ತಿಳಿದಿರಲಿಲ್ಲ. ತಮ್ಮ ಬ್ಯಾಂಡ್ ಮುಗಿಯಿತೆಂಬ ಸುದ್ದಿಯನ್ನು ಅವರು ಸಾವಿರಾರು ಅಪರಿಚಿತರೊಂದಿಗೆ, ಅದೇ ಮೈಕಿನಿಂದ, ಅದೇ ಕ್ಷಣದಲ್ಲಿ ಕೇಳಿದರು. ಕೇಳಿದ ಕೂಡಲೇ ಇನ್ನೊಂದು ಹಾಡನ್ನು ತಾಳ ತಪ್ಪದಂತೆ ನುಡಿಸಬೇಕಾಯಿತು. ಅದೇ ವರ್ಷದ ಮುಂದಿನ ಆಲ್ಬಮ್‌ನಲ್ಲಿ ಬೋಲ್ಡರ್ ಇದ್ದ, ವುಡ್‌ಮನ್ಸಿ ಇರಲಿಲ್ಲ. ನಾನು ಈ ಚಿತ್ರವನ್ನು ಎರಡನೆಯ ಸಲ ನೋಡಿದಾಗ ಬೋವಿಯನ್ನು ಬಿಟ್ಟು ಆ ಕಡೆಯ ಹಾಡಿನುದ್ದಕ್ಕೂ ಹಿಂದಿನವರನ್ನೇ ಹುಡುಕಿದೆ. ಅವರು ಹೆಚ್ಚು ಹೊತ್ತು ಕಾಣಿಸುವುದಿಲ್ಲ. ಕಾಣದಿರುವುದನ್ನೂ ಬರೆಯಬಹುದಿತ್ತು, ನೀವು ಅವರ ಮುಖಕ್ಕೆ ಒಂದು ಸಿದ್ಧ ಭಾವವನ್ನು ಅಂಟಿಸಿ ಮುಂದೆ ಹೋದಿರಿ.

ಮೂರನೆಯದು, ‘ವೇದಿಕೆಗೆ ಶಾಶ್ವತ ವಿದಾಯ’. ನಿವೃತ್ತನಾದದ್ದು ಜಿಗ್ಗಿ. ಹುಬ್ಬು ಬೋಳಿಸಿಕೊಂಡು ಕೆಂಗೂದಲು ನಿಗುರಿಸಿಕೊಂಡಿದ್ದ ಆ ಕಲ್ಪಿತ ರಾಕ್ ತಾರೆಯನ್ನು ಬೋವಿ 1972ರಲ್ಲಿ ಹುಟ್ಟಿಸಿ, ಒಂದೂವರೆ ವರ್ಷದೊಳಗೆ, ಪಾತ್ರ ತನ್ನನ್ನು ನುಂಗುವ ಮೊದಲೇ ಮುಗಿಸಿದ. ಮರುವರ್ಷ ಜೂನ್‌ನಲ್ಲಿ ಅವನು ಬೇರೊಂದು ವೇಷದಲ್ಲಿ ಅಮೆರಿಕದಲ್ಲಿ ಹಾಡುತ್ತಿದ್ದ. ನಿಮ್ಮ ಲೇಖನದ ಏಳನೆಯ ಪುಟದಲ್ಲಿ ನೀವೇ ಅವನ 1983ರ ಪ್ರವಾಸದ ಬಗ್ಗೆ ಬರೆದಿದ್ದೀರಿ, ಹಾಗಾದರೆ ಮೂರನೆಯ ಪುಟದಲ್ಲಿ ವೇದಿಕೆ ಬಿಟ್ಟವನು ಯಾರು?

ಇನ್ನೊಂದು ಸಾಲು: “ಪೆನ್ನೆಬೇಕರ್‌ನ ಕ್ಯಾಮೆರಾ ಬೋವಿಯಿಂದ ಒಂದು ಕ್ಷಣವೂ ಕದಲುವುದಿಲ್ಲ.” ಇದನ್ನು ಓದಿ ನೀವು ಚಿತ್ರವನ್ನು ಪೂರ್ತಿ ನೋಡಿದ್ದೀರಾ ಎಂಬ ಅನುಮಾನ ಬಂದದ್ದನ್ನು ಮುಚ್ಚಿಡಲಾರೆ. ಈ ಚಿತ್ರದ ನಿರ್ದೇಶಕ ಡಿ. ಎ. ಪೆನ್ನೆಬೇಕರ್ ಅಮೆರಿಕದ ಗಾಯಕ ಬಾಬ್ ಡಿಲನ್‌ನ 1965ರ ಇಂಗ್ಲೆಂಡ್ ಪ್ರವಾಸವನ್ನು ಚಿತ್ರಿಸಿದವನು. ಹಾಡುವವನಷ್ಟೇ ಕೇಳುವವರೂ ತೆರೆಮರೆಯೂ ಮುಖ್ಯವೆಂದು ಬಲ್ಲವನು. ಇಲ್ಲಿ ಅವನ ಕ್ಯಾಮೆರಾ ಪದೇ ಪದೇ ಪ್ರೇಕ್ಷಕರತ್ತ ತಿರುಗುತ್ತದೆ. ಕತ್ತಲಲ್ಲಿ ಅರ್ಧ ಮಾತ್ರ ಬೆಳಗಿದ ಹುಡುಗಿಯರು, ಅಳುತ್ತಿರುವವರು, ಪ್ರತಿ ಸಾಲನ್ನೂ ತುಟಿಯಲ್ಲೇ ಹಾಡಿಕೊಳ್ಳುತ್ತಿರುವವರು. 16 ಎಂ.ಎಂ. ಫಿಲ್ಮು, ವೇದಿಕೆಯ ಬೆಳಕಲ್ಲದೆ ಹೆಚ್ಚಿನ ಬೆಳಕಿಲ್ಲ. ಹಾಗಾಗಿ ಚಿತ್ರವೆಲ್ಲ ಕೆಂಪು, ಕಾಳುಕಾಳು, ಅಲ್ಲಲ್ಲಿ ಮಸಿ ಬಳಿದಂತೆ. ನಡುವೆ ನೇಪಥ್ಯದ ಕೋಣೆಗೆ ಹೋಗುತ್ತೇವೆ. ಅಲ್ಲಿ ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುತ್ತ ಹರಟುವ ಬೋವಿ ಇದ್ದಾನೆ, ಬಂದು ಹೋಗುವವರ ನಡುವೆ ಬೀಟಲ್ಸ್ ತಂಡದಲ್ಲಿದ್ದ ರಿಂಗೋ ಸ್ಟಾರ್ ಕೂಡ ಕಾಣಿಸುತ್ತಾನೆ. ಬೋವಿ ಉಡುಪು ಬದಲಿಸಲು ಹೋದಾಗ ವೇದಿಕೆ ಪೂರ್ತಿ ರಾನ್ಸನ್‌ನದು. ಇದೆಲ್ಲ ‘ಕದಲದ ಕ್ಯಾಮೆರಾ’ದಲ್ಲಿ ಹೇಗೆ ಬಂತು? (ಬೋವಿಯ ಕಣ್ಣುಗಳ ‘ಎರಡು ಬಣ್ಣ’ವನ್ನು ನಾನೇ ತೆಗೆದಿದ್ದೇನೆ. ಶಾಲೆಯ ದಿನಗಳಲ್ಲಿ ಗೆಳೆಯನ ಗುದ್ದು ಬಿದ್ದು ಎಡಗಣ್ಣಿನ ಪಾಪೆ ಹಿಗ್ಗಿದಂತೆಯೇ ಉಳಿದುಬಿಟ್ಟಿತ್ತು, ಬಣ್ಣ ಬೇರೆಯಾಗಿರಲಿಲ್ಲ.)

ಇದರ ಬೆನ್ನಿಗೇ “ಬೋವಿಯ ಮುಖವರ್ಣಿಕೆ ನಮ್ಮ ಯಕ್ಷಗಾನದ ಬಣ್ಣದ ವೇಷವನ್ನೇ ನೆನಪಿಸುತ್ತದೆ” ಎಂದಿದ್ದೀರಿ. ನಿಮಗೆ ನೆನಪಾಗಿದ್ದರೆ ಆಗಲಿ, ಆದರೆ ನಿಜವಾದ ಸಂಬಂಧಗಳು ಅಲ್ಲೇ ಕೈಗೆಟಕುವಂತಿದ್ದವು. ಜಪಾನಿನ ವಸ್ತ್ರವಿನ್ಯಾಸಕ ಕಾನ್ಸಾಯ್ ಯಮಾಮೊಟೊ ಹೊಲಿದುಕೊಟ್ಟ ಉಡುಪುಗಳು, ಕ್ಷಣಾರ್ಧದಲ್ಲಿ ಒಂದು ವೇಷ ಕಳಚಿ ಇನ್ನೊಂದು ಕಾಣಿಸುವ ಜಪಾನೀ ರಂಗಕಲೆ ಕಬುಕಿಯ ಚಮತ್ಕಾರ, ನೃತ್ಯ-ಅಭಿನಯದ ಕಲಾವಿದ ಲಿಂಡ್ಸೆ ಕೆಂಪ್‌ನ ಬಳಿ ಬೋವಿ ಕಲಿತ ಮೂಕಾಭಿನಯ. ಇಲ್ಲದ ಗೋಡೆಯನ್ನು ಅಂಗೈಗಳಿಂದ ತಡವುತ್ತ ಬಿರುಕು ಹುಡುಕುವ ಅಭಿನಯ ಈ ಚಿತ್ರದಲ್ಲೇ ಇದೆ. ಇವನ್ನು ಬಿಟ್ಟು, ಓದುಗರಿಗೆ ಹತ್ತಿರವಾಗಲೆಂದು ಯಕ್ಷಗಾನವನ್ನು ಎಳೆದು ತಂದಿದ್ದೀರಿ.

ಬಣ್ಣದ ವೇಷದ ವಿಷಯದಲ್ಲಿ ನನಗೆ ಹಳೆಯ ಗಾಯವೊಂದಿದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕರಾವಳಿಯ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಬರೆಯುವ ಆಸೆ ತಡೆಯಲಾರದೆ ಒಂದು ಮೇಳದ ಆಟಕ್ಕೆ ವಿಮರ್ಶೆ ಬರೆಯಲು ಒಪ್ಪಿಕೊಂಡೆ. ಮಧ್ಯರಾತ್ರಿಯವರೆಗೆ ನೋಡಿದೆ, ನಿದ್ದೆ ತೂಗಿತು, ಎದ್ದು ಮನೆಗೆ ಹೋದೆ. ಉಳಿದರ್ಧವನ್ನು ಕರಪತ್ರ ನೋಡಿ ಬರೆದೆ. ದೀವಟಿಗೆಗೆ ಎರಚಿದ ರಾಳ ಭುಗಿಲೆದ್ದ ಬೆಳಕಿನಲ್ಲಿ ಬಣ್ಣದ ವೇಷದ ಪ್ರವೇಶ ಎಷ್ಟು ರೋಮಾಂಚಕವಾಗಿತ್ತೆಂಬುದಕ್ಕೆ ಹನ್ನೆರಡು ಸಾಲು. ಅಚ್ಚಾದ ನಾಲ್ಕನೆಯ ದಿನ ಆ ವೇಷಧಾರಿಯಿಂದಲೇ ಒಂದು ಕಾರ್ಡು ಬಂತು: ಆ ರಾತ್ರಿ ನನಗೆ ಜ್ವರವಿತ್ತು, ಮನೆಯಲ್ಲಿ ಮಲಗಿದ್ದೆ, ಆದರೂ ತಮ್ಮ ಅಭಿಮಾನಕ್ಕೆ ಋಣಿ. ನಮ್ಮ ಸಂಪಾದಕರು ಬೈಯಲಿಲ್ಲ. ಮುಂದಿನ ವಾರದ ಓದುಗರ ಅಂಕಣಕ್ಕೆ ಆ ಕಾರ್ಡನ್ನು ಕೊಟ್ಟು, ಅದರ ಕರಡನ್ನು ನನ್ನಿಂದಲೇ ತಿದ್ದಿಸಿದರು. ಇಂದಿಗೂ ‘ರೋಮಾಂಚಕ’ ಎಂಬ ಪದ ಕಂಡರೆ ನನಗೆ ಆ ಕಾರ್ಡಿನ ಐದು ಸಾಲಿನ ದುಂಡಕ್ಷರ ನೆನಪಾಗುತ್ತದೆ. ನಿಮ್ಮ ಲೇಖನದಲ್ಲಿ ಅದು ಒಂಬತ್ತು ಸಲ ಬಂದಿದೆ.

ಕೊನೆಗೆ ‘ಕಾಲಾತೀತ’. ಬೋವಿಯ ಮೋಹ ಅರ್ಧ ಶತಮಾನ ಕಳೆದರೂ ಇಳಿಯದಿರುವುದಕ್ಕೆ ನೀವು ಕೊಡುವ ಏಕೈಕ ಕಾರಣ ಅವನು ‘ಕಾಲಾತೀತ’ ಎಂಬುದು. ಈ ಚಿತ್ರದ ಕತೆಯನ್ನೇ ನೋಡಿ. ರೆಕಾರ್ಡ್ ಕಂಪನಿಗೆ ಬೇಕಿದ್ದದ್ದು ಒಂದು ಕಿರುಚಿತ್ರ. ಪೆನ್ನೆಬೇಕರ್ ಇಡೀ ಪ್ರದರ್ಶನವನ್ನು ಹಿಡಿದ. ಅದು ಚಿತ್ರಮಂದಿರಗಳಿಗೆ ಬಂದದ್ದು ಹತ್ತು ವರ್ಷಗಳ ಬಳಿಕ, 1983ರಲ್ಲಿ. ಆಗ ಬೋವಿ ಹೊಂಬಣ್ಣದ ಕೂದಲಿನ, ಸೂಟು ತೊಟ್ಟ, ಜಗತ್ತಿನ ದೊಡ್ಡ ಮೈದಾನಗಳನ್ನು ತುಂಬಿಸುವ ಜನಪ್ರಿಯ ಗಾಯಕ. ಅಂದು ಟಿಕೆಟ್ ಕೊಂಡು ಕುಳಿತವರು ನೋಡಿದ್ದು ಆಗಲೇ ಇಲ್ಲವಾಗಿದ್ದ ಒಬ್ಬನನ್ನು. ರಾನ್ಸನ್ 1993ರಲ್ಲಿ ತೀರಿಕೊಂಡ, ಬೋಲ್ಡರ್ 2013ರಲ್ಲಿ, ಬೋವಿ 2016ರ ಜನವರಿ 10ರಂದು, ತನ್ನ ಅರವತ್ತೊಂಬತ್ತನೆಯ ಹುಟ್ಟುಹಬ್ಬವಾಗಿ ಎರಡು ದಿನಕ್ಕೆ. 1973ರ ಆ ರಾತ್ರಿ ಅತಿಥಿಯಾಗಿ ಗಿಟಾರ್ ನುಡಿಸಿದ್ದ ಜೆಫ್ ಬೆಕ್‌ನ ಭಾಗವನ್ನು ಚಿತ್ರದಿಂದ ಕೈಬಿಡಲಾಗಿತ್ತು. ಐವತ್ತನೆಯ ವರ್ಷದ ಮರುಬಿಡುಗಡೆಯಲ್ಲಿ ಅದು ಮರಳಿ ಸೇರಿತು, ಅವನು ತೀರಿಕೊಂಡ 2023ರಲ್ಲಿಯೇ.

ಹೀಗಿರುವಾಗ ಕಾಲವನ್ನು ಮೀರಿದ್ದು ಯಾವುದು? ಕಡೆಯ ಹಾಡಿನಲ್ಲಿ ಬೋವಿ ಕೈ ಚಾಚುತ್ತಾನೆ, ಮುಂದಿನ ಸಾಲುಗಳ ನೂರಾರು ಕೈಗಳು ಅವನತ್ತ ಏಳುತ್ತವೆ. ಆ ಕೈಗಳಿಗೆ ಗೊತ್ತಿದ್ದದ್ದು ಕೆಲವೇ ಕ್ಷಣಗಳ ಹಿಂದೆ ಕೇಳಿದ ಒಂದು ವಾಕ್ಯ ಮಾತ್ರ. ನೋಡುವ ನಮಗೆ ಅನಂತರದ ಎಲ್ಲವೂ ಗೊತ್ತು, ಪ್ರತಿ ದಶಕದಲ್ಲಿ ನೋಡುವವರಿಗೆ ಇನ್ನಷ್ಟು ಗೊತ್ತು. ನನ್ನ ಮಟ್ಟಿಗೆ ಅವನ ಆಕರ್ಷಣೆ ಹಳತಾಗದಿರುವುದು ಈ ಅಂತರದಿಂದ: ಜನ ತನ್ನನ್ನು ಪೂರ್ತಿ ಬಯಸುತ್ತಿದ್ದ ದಿನವೇ ಆ ರೂಪವನ್ನು ಕೊಂದು ಹೋದವನು ಅವನು, ಆ ದಿನಕ್ಕೆ ತಾರೀಖು ಇದೆ, ಅದನ್ನು ಕಂಡ ಫಿಲ್ಮು ಇದೆ. ಇದು ನನ್ನ ಓದು. ನಿಮ್ಮದು ಬೇರೆಯಾದರೆ ಸಂತೋಷವೇ, ಆದರೆ ಅದು ಆ ಪದದ ಹಿಂದೆ ಅಡಗಿ ಕುಳಿತಿದೆ, ನನಗೆ ಕಾಣುತ್ತಿಲ್ಲ.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ. ಉಳಿದ ಪುಟಗಳ ಬಗ್ಗೆ ಏನೂ ಹೇಳಿಲ್ಲವೆಂದು ಬೇಸರಿಸಬೇಡಿ. ಮೂರನೆಯ ಪುಟ ಬದಲಾದರೆ ಅವು ತಾವಾಗಿಯೇ ಬದಲಾಗಬೇಕಾಗುತ್ತದೆ. ಚಿತ್ರವನ್ನು ಮತ್ತೊಮ್ಮೆ ನೋಡಿ, ಈ ಸಲ ಕೊನೆಯವರೆಗೆ. ಆ ಘೋಷಣೆಯಿಂದ ದೀಪ ಆರುವವರೆಗಿನ ಭಾಗವನ್ನು ಮಾತ್ರ ಎರಡು ಪುಟಗಳಲ್ಲಿ ಬರೆದು ಮೊದಲು ಕಳುಹಿಸಿ. ವುಡ್‌ಮನ್ಸಿ ಕಂಡರೆ ಎಲ್ಲಿ ಕಂಡ ಎಂಬುದನ್ನು ನನಗೂ ತಿಳಿಸಿ.

ಇಂತಿ,
ಸಂಪಾದಕ