ಸ್ಕ್ರೀನ್ ಕಪ್ಪಾಗಿದೆ, ಕಾರ್ಡ್ ಹೋಯ್ತಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹ್ಯಾಕಿಂತೋಶ್‌ನದ್ದೇ ಗಲಾಟೆ ಜಾಸ್ತಿ. ಗೊತ್ತಿಲ್ಲದವರಿಗೆ ಒಂದು ಮಾತು: ನಾವೇ ಜೋಡಿಸಿಕೊಂಡ ಅಸೆಂಬಲ್ಡ್ ಕಂಪ್ಯೂಟರ್‌ನಲ್ಲಿ ಆಪಲ್‌ನ ಮ್ಯಾಕ್‌ಒಎಸ್ ಓಡಿಸುವುದಕ್ಕೆ ಆ ಹೆಸರು. ಆಪಲ್ ಕಡೆಯಿಂದ ಬೆಂಬಲ ಸೊನ್ನೆ. ಕೆಟ್ಟರೆ ನಾವೇ ರಿಪೇರಿ, ನಾವೇ ಕಸ್ಟಮರ್ ಕೇರ್.

ಪ್ರಶ್ನೆ: ನನ್ನದು ಐ5-9400 ಪ್ರೊಸೆಸರ್, ಬಿ365 ಬೋರ್ಡ್. ಮೇಲಿನ ಸ್ಲಾಟ್‌ನಲ್ಲಿ ವಿಂಡೋಸ್ ಗೇಮ್‌ಗೆ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇತ್ತು. ಮ್ಯಾಕ್‌ಗೆ ಅಂತ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ತಂದು ಕೆಳಗಿನ ಸ್ಲಾಟ್‌ಗೆ ಹಾಕಿದೆ. 1650 ಮ್ಯಾಕ್‌ಗೆ ಆಗಲ್ಲ ಅಂತ ಓದಿ 'ವೆಗ್-ನೋ-ಇಜಿಪಿಯು' ಅನ್ನೋ ಬೂಟ್ ಆರ್ಗ್ಯುಮೆಂಟ್ (ಸ್ಟಾರ್ಟ್ ಆಗುವಾಗ ಸಿಸ್ಟಮ್ ಓದುವ ಸೂಚನೆಯ ಸಾಲು) ಸೇರಿಸಿದೆ. ಈಗ ಆಪಲ್ ಲೋಗೊ ಕೆಳಗಿನ ಗೆರೆ ಅರ್ಧ ಓಡಿ ಸ್ಕ್ರೀನ್ ಕಪ್ಪಾಗುತ್ತೆ. 580 ಹೋಯ್ತಾ ಸರ್?
(ವಿಡಿಯೊ ಎಡಿಟರ್, ಶಿವಮೊಗ್ಗ)

ಉತ್ತರ: ಹೋಗಿಲ್ಲ, ಗಾಬರಿ ಬೇಡ. ನೀವು ಸೇರಿಸಿದ ಸಾಲು 1650 ಒಂದನ್ನೇ ಆಫ್ ಮಾಡುವುದಿಲ್ಲ. ಪ್ರೊಸೆಸರ್ ಒಳಗಿನ ಇಂಟೆಲ್ ಗ್ರಾಫಿಕ್ಸ್ ಬಿಟ್ಟು ಮಿಕ್ಕ ಎಲ್ಲಾ ಕಾರ್ಡ್‌ಗಳನ್ನೂ ಮಲಗಿಸುತ್ತೆ. ಇಲಿ ಬಂತು ಅಂತ ಮನೆಗೇ ಬೆಂಕಿ ಇಟ್ಟ ಹಾಗಾಯ್ತು. ಮಾನಿಟರ್ ಕೇಬಲ್ 580ರಲ್ಲೇ ಇರುತ್ತೆ, ಅದೂ ಮಲಗಿದ ಮೇಲೆ ಚಿತ್ರ ಎಲ್ಲಿಂದ ಬರಬೇಕು?

ಮೊದಲು ಆ ಸಾಲು ತೆಗೆಯಿರಿ. ಆಮೇಲೆ 1650ರ ವಿಳಾಸ ಹಿಡಿದು ಅದೊಂದನ್ನೇ ಆಫ್ ಮಾಡಬೇಕು. ವಿಳಾಸ ವಿಂಡೋಸ್‌ನಲ್ಲೇ ಸಿಗುತ್ತೆ. ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್‌ಗಳ ಕೆಳಗೆ 1650 ಮೇಲೆ ಡಬಲ್ ಕ್ಲಿಕ್ ಮಾಡಿ, 'ಡೀಟೇಲ್ಸ್' ಟ್ಯಾಬ್‌ನಲ್ಲಿ 'ಲೊಕೇಶನ್ ಪಾತ್ಸ್' ಆರಿಸಿ. ಮೇಲಿನ ಸ್ಲಾಟ್ ಆದ್ದರಿಂದ ಬಹುಶಃ ಪಿಸಿಐರೂಟ್(0)#ಪಿಸಿಐ(0100)#ಪಿಸಿಐ(0000) ಅಂತ ಇರುತ್ತೆ. ಎಲ್ಲರೂ ಎಡವುವುದು ಇದನ್ನು ಓಪನ್‌ಕೋರ್ (ನಮ್ಮ ಕಂಪ್ಯೂಟರ್‌ನಲ್ಲಿ ಮ್ಯಾಕ್‌ಒಎಸ್ ಎಬ್ಬಿಸುವ ಬೂಟ್‌ಲೋಡರ್) ಭಾಷೆಗೆ ತಿರುಗಿಸುವಾಗ. 0100 ಅಂದರೆ ಒಂದು ನೂರು ಅಲ್ಲ. ಮೊದಲ ಎರಡಂಕಿ ಡಿವೈಸ್, ಕೊನೆಯ ಎರಡಂಕಿ ಫಂಕ್ಷನ್. ಹಾಗಾಗಿ ಅದು 1 ಕಾಮಾ 0, ಅದರ ಮುಂದಿನದು 0 ಕಾಮಾ 0. ಪ್ರತಿ ಅಂಕಿಗೂ ಮೊದಲು ಸೊನ್ನೆ-ಎಕ್ಸ್ ಸೇರಿಸಿ, ಹ್ಯಾಶ್ ಇದ್ದಲ್ಲಿ ಓರೆಗೆರೆ ಹಾಕಿ. ವಿಂಡೋಸ್ ಎಲ್ಲವನ್ನೂ ದೊಡ್ಡಕ್ಷರದಲ್ಲಿ ತೋರಿಸುತ್ತೆ, ಇಲ್ಲಿ ಮಾತ್ರ ಪಿಸಿಐನ 'ಪಿ' ಮತ್ತು ರೂಟ್‌ನ 'ಆರ್' ಎರಡೇ ದೊಡ್ಡಕ್ಷರ. ಈ ವಿಳಾಸವನ್ನು ಓಪನ್‌ಕೋರ್‌ನ ಸೆಟ್ಟಿಂಗ್ ಫೈಲ್ ಕಾನ್ಫಿಗ್ ಡಾಟ್ ಪಿಲಿಸ್ಟ್‌ನ 'ಡಿವೈಸ್ ಪ್ರಾಪರ್ಟೀಸ್' ಭಾಗದಲ್ಲಿ 'ಆ್ಯಡ್' ಕೆಳಗೆ ಸೇರಿಸಿ, ಅದರೊಳಗೆ 'ಡಿಸೇಬಲ್-ಜಿಪಿಯು' ಅಂತ ಒಂದು ಕೀ, ಟೈಪ್ ಡೇಟಾ, ವ್ಯಾಲ್ಯೂ 01000000. ಇದಕ್ಕೆಲ್ಲ ಕೈ ಹಾಕುವ ಮೊದಲು ಈಗಿರುವ ಇಎಫ್‌ಐ ಫೋಲ್ಡರ್‌ನ (ಓಪನ್‌ಕೋರ್ ಫೈಲ್‌ಗಳೆಲ್ಲ ಇರುವುದು ಅಲ್ಲೇ) ಒಂದು ಕಾಪಿ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ನಾನು ಹಾಕಿಟ್ಟುಕೊಳ್ಳದೆ ಒಂದು ಭಾನುವಾರ ಪೂರ್ತಿ ಕಳೆದುಕೊಂಡಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಕೇಳ್ತೀನಿ, ಎರಡು ಕಾರ್ಡ್ ಯಾಕೆ ಬೇಕು? ಗೇಮ್‌ನಲ್ಲೂ 580 ನಿಮ್ಮ 1650ಗಿಂತ ಒಂದು ಕೈ ಮೇಲೇ. 1650 ಮಾರಿಬಿಡಿ, 580ಯನ್ನು ಮೇಲಿನ ಸ್ಲಾಟ್‌ಗೆ ಹಾಕಿ, ಈ ವಿಳಾಸದ ತಲೆನೋವೇ ಇರಲ್ಲ. 580 ಮ್ಯಾಕ್‌ನಲ್ಲಿ ಸಲೀಸಾಗಿ ಓಡುವುದಕ್ಕೆ ಕಾರಣ ಇಷ್ಟೇ: 2017ರ ಐಮ್ಯಾಕ್‌ನಲ್ಲಿ ರೇಡಿಯಾನ್ ಪ್ರೊ 580, 2019ರದ್ದರಲ್ಲಿ 580ಎಕ್ಸ್, ಎರಡನ್ನೂ ಆಪಲ್ ತಾನೇ ಹಾಕಿ ಮಾರಿದೆ. ಹಾಗಾಗಿ ಡ್ರೈವರ್ ಮ್ಯಾಕ್‌ಒಎಸ್ ಒಳಗೇ ಇದೆ. ಆದರೆ ಅದು 185 ವ್ಯಾಟ್ ಎಳೆಯುವ ಕಾರ್ಡ್, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಲೋಕಲ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ನಂಬಬೇಡಿ.

ಇನ್ನೊಂದು. ನಿಮ್ಮ 580 ನಿಜವಾಗಿ 580ಯೇನಾ ನೋಡಿಕೊಳ್ಳಿ. '580 2048ಎಸ್‌ಪಿ' ಅಂತ ಒಂದು ಬರುತ್ತೆ, ಹೆಸರು 580, ಒಳಗೆ 570. ವಿಂಡೋಸ್‌ನಲ್ಲಿ ಜಿಪಿಯು-ಝಡ್ ತೆರೆದು 'ಶೇಡರ್ಸ್' ಎದುರು 2304 ಇದ್ದರೆ ಅಸಲಿ. ನಾನು ತಂದ ಮೊದಲ ಕಾರ್ಡ್‌ನಲ್ಲಿ 2048 ಇತ್ತು. ಮಾರಿದವರು ಫೋನ್ ಎತ್ತಲಿಲ್ಲ.

ಪ್ರಶ್ನೆ: ಆರ್‌ಟಿಎಕ್ಸ್ 3060 ಇದೆ. ಇದಕ್ಕೆ ಮ್ಯಾಕ್ ಡ್ರೈವರ್ ಎಲ್ಲಿ ಸಿಗುತ್ತೆ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಉತ್ತರ: ಎಲ್ಲೂ ಸಿಗಲ್ಲ. ಸಿಗುತ್ತೆ ಅಂತ ಯಾರಾದರೂ ಫೈಲ್ ಕಳಿಸಿದರೆ ತೆರೆಯಬೇಡಿ. 10ನೇ ಸರಣಿಯ ಎನ್ವಿಡಿಯಾ ಕಾರ್ಡ್‌ಗಳಿಗೆ 2017ರ ಮ್ಯಾಕ್‌ಒಎಸ್ ಆವೃತ್ತಿ ಹೈ ಸಿಯೆರಾವರೆಗೆ ಎನ್ವಿಡಿಯಾ ತಾನೇ ಡ್ರೈವರ್ ಕೊಡುತ್ತಿತ್ತು. 2018ರಲ್ಲಿ ಮೊಹಾವೆ ಬಂದಾಗ ಅಲ್ಲಿಗೇ ನಿಂತಿತು. ಅದಕ್ಕೂ ಹಳೆಯ ಕೆಪ್ಲರ್ ಕಾರ್ಡ್‌ಗಳು ಬಿಗ್ ಸರ್‌ವರೆಗೆ ಉಸಿರಾಡಿದವು, 2021ರ ಮಾಂಟೆರಿಯಲ್ಲಿ ಆಪಲ್ ಅವನ್ನೂ ಕಿತ್ತುಹಾಕಿತು. 20ನೇ ಸರಣಿ, 30ನೇ ಸರಣಿಗೆ ಡ್ರೈವರ್ ಬಂದೇ ಇಲ್ಲ. ಕಾರ್ಡ್ ಇದ್ದೂ 'ಅಬೌಟ್ ದಿಸ್ ಮ್ಯಾಕ್'ನಲ್ಲಿ ಡಿಸ್‌ಪ್ಲೇ 7 ಎಂಬಿ ಅಂತ ತೋರಿಸುತ್ತಿದ್ದರೆ ಅರ್ಥ ಇದೇ, ಡ್ರೈವರ್ ಇಲ್ಲದೆ ಸುಮ್ನೆ ಚಿತ್ರ ಮಾತ್ರ ಬರ್ತಾ ಇದೆ. ಕಿಟಕಿ ಎಳೆದರೆ ಎತ್ತಿನಗಾಡಿ ಹಾಗೆ ಬರುತ್ತೆ. 3060ಯಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಓಡಿಸಿ, ಒಳ್ಳೇ ಕಾರ್ಡ್ ಅದು.

ಪ್ರಶ್ನೆ: ರೈಜನ್ ಸಿಸ್ಟಮ್‌ಗೆ ಆರ್‌ಎಕ್ಸ್ 6600 ಹಾಕಿದೆ. ಅಕ್ಷರಗಳೆಲ್ಲ ಸರಸರ ಓಡುತ್ತವೆ, ಕೊನೆಗೆ ಮಾನಿಟರ್ 'ನೋ ಸಿಗ್ನಲ್' ಅನ್ನುತ್ತೆ. ಹಾರ್ಡ್‌ಡಿಸ್ಕ್ ಲೈಟ್ ಮಾತ್ರ ಮಿಣುಕುತ್ತಾ ಇರುತ್ತೆ. ಇದನ್ನು ವಾಪಸ್ ಕೊಟ್ಟು 6700 ಎಕ್ಸ್‌ಟಿ ತರಲಾ?
(ಹುಬ್ಬಳ್ಳಿ ಓದುಗರು)

ಉತ್ತರ: ದಯವಿಟ್ಟು ಬೇಡ! 6600, 6600 ಎಕ್ಸ್‌ಟಿ, 6800, 6900 ಎಕ್ಸ್‌ಟಿ ಇವಕ್ಕೆ ಆಪಲ್‌ನ ಡ್ರೈವರ್ ಇದೆ, ನಡುವೆ ಇರುವ 6700 ಎಕ್ಸ್‌ಟಿಗೆ ಇಲ್ಲ. ನಂಬರ್ ದೊಡ್ಡದಾದರೆ ಒಳ್ಳೆಯದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಲೈಟ್ ಮಿಣುಕುತ್ತಿದೆ ಅಂದರೆ ಸಿಸ್ಟಮ್ ಒಳಗೆ ಎದ್ದಿದೆ, ನಿಮಗೆ ಕಾಣ್ತಾ ಇಲ್ಲ ಅಷ್ಟೆ. ನಾವು ಕಂಪ್ಯೂಟರ್‌ಗೆ ಒಂದು ಮ್ಯಾಕ್ ಮಾಡೆಲ್‌ನ ವೇಷ ಹಾಕಿರ್ತೀವಲ್ಲ, ಮ್ಯಾಕ್‌ಒಎಸ್ ಆ ಮಾಡೆಲ್‌ನ ಬೋರ್ಡ್ ಐಡಿ ನೋಡಿ, ಈ ಮ್ಯಾಕ್‌ನಲ್ಲಿ ಈ ಕಾರ್ಡ್‌ನ ಪೋರ್ಟ್‌ಗಳನ್ನು ಹೇಗೆ ನಡೆಸಬೇಕು ಅಂತ ತೀರ್ಮಾನಿಸುತ್ತೆ. ಲೆಕ್ಕ ಹೊಂದದಿದ್ದರೆ ಪರದೆ ಕಪ್ಪು. ಆ ತಪಾಸಣೆ ತಪ್ಪಿಸೋಕೆ ಬೂಟ್ ಆರ್ಗ್ಯುಮೆಂಟ್‌ಗಳಲ್ಲಿ 'ಎಜಿಡಿಪಿಮಾಡ್=ಪೈಕೆರಾ' ಸೇರಿಸಿ. ಇಂಗ್ಲಿಷ್‌ನಲ್ಲಿ ಎಲ್ಲಾ ಸಣ್ಣಕ್ಷರ, ಪೈಕೆರಾ ಅಂದರೆ ಪಿ-ಐ-ಕೆ-ಇ-ಆರ್-ಎ, ಒಂದಕ್ಷರ ತಪ್ಪಿದರೂ ಕೆಲಸ ಮಾಡಲ್ಲ. ಇದು ಕೆಲಸ ಮಾಡಬೇಕಾದರೆ ಲಿಲು, ವಾಟೆವರ್‌ಗ್ರೀನ್ ಎರಡೂ ಕೆಕ್ಸ್ಟ್ (ಮ್ಯಾಕ್‌ಒಎಸ್‌ಗೆ ಸೇರಿಸುವ ಡ್ರೈವರ್ ಥರದ ಫೈಲ್) ಇರಬೇಕು, ಪಟ್ಟಿಯಲ್ಲಿ ಲಿಲು ಮೇಲೆ. ಬಯಾಸ್‌ನಲ್ಲಿ ಸಿಎಸ್‌ಎಂ ಆಫ್, 'ಅಬೋವ್ 4ಜಿ ಡಿಕೋಡಿಂಗ್' ಆನ್. ಮ್ಯಾಕ್‌ಒಎಸ್ ಮಾಂಟೆರಿ 12.1 ಅಥವಾ ಅದಕ್ಕಿಂತ ಹೊಸದಿರಲಿ, 6600ಗೆ ಡ್ರೈವರ್ ಬಂದದ್ದೇ ಅದರಲ್ಲಿ.

ಪ್ರಶ್ನೆ: ನಮ್ಮದು ಕಂಪ್ಯೂಟರ್ ಅಂಗಡಿ. ಸ್ಟುಡಿಯೊದವರು ಮ್ಯಾಕ್ ಹಾಕಿಕೊಡಿ ಅಂತಾರೆ. ಹಾಕಿ ಮಾರಬಹುದಾ?
(ದಾವಣಗೆರೆ)

ಉತ್ತರ: ಬೇಡ ಸರ್. ಆಪಲ್ ಬ್ರ್ಯಾಂಡ್‌ನ ಕಂಪ್ಯೂಟರ್ ಬಿಟ್ಟು ಬೇರೆ ಕಡೆ ಮ್ಯಾಕ್‌ಒಎಸ್ ಹಾಕಬಾರದು ಅಂತ ಲೈಸೆನ್ಸ್‌ನಲ್ಲೇ ಇದೆ. ಮನೆಯಲ್ಲಿ ಹಾಕಿಕೊಂಡರೂ ಅದು ಮುರಿದ ಹಾಗೇ, ಮಾರಾಟಕ್ಕೆ ಇಳಿದರೆ ಕೇಸ್. ಅಮೆರಿಕದ ಫ್ಲಾರಿಡಾದಲ್ಲಿ ಸೈಸ್ಟಾರ್ ಅಂತ ಒಂದು ಕಂಪನಿ 2008ರಲ್ಲಿ ಇದೇ ವ್ಯಾಪಾರ ಶುರು ಮಾಡಿತ್ತು. ಅದೇ ವರ್ಷ ಆಪಲ್ ಕೋರ್ಟ್‌ಗೆ ಹೋಯಿತು, 2009ರಲ್ಲಿ ಗೆದ್ದಿತು, 2011ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಸ್ಟುಡಿಯೊದವರಿಗೆ ಹಳೇ ಮ್ಯಾಕ್ ಮಿನಿ ತರಿಸಿಕೊಡಿ.

ಪ್ರಶ್ನೆ: ಈಗ ಹೊಸದಾಗಿ ಹ್ಯಾಕಿಂತೋಶ್ ಕಟ್ಟೋಣ ಅಂತಿದ್ದೇನೆ. ಯಾವ ಕಾರ್ಡ್ ಕೊಳ್ಳಲಿ?
(ಉಡುಪಿ)

ಉತ್ತರ: ಕೊಳ್ಳಲೇಬೇಡಿ. ಇಂಟೆಲ್ ಮ್ಯಾಕ್‌ಗಳಿಗೆ ಟಾಹೋ, ಅಂದರೆ ಮ್ಯಾಕ್‌ಒಎಸ್ 26, ಕೊನೆಯದು ಅಂತ ಆಪಲ್ 2025ರ ಜೂನ್‌ನಲ್ಲೇ ಹೇಳಿದೆ. ಅದರಲ್ಲೂ ನಾಲ್ಕೇ ನಾಲ್ಕು ಇಂಟೆಲ್ ಮಾಡೆಲ್‌ಗೆ ಜಾಗ, ಬಹಳ ಜನ ವೇಷ ಹಾಕುವ 2019ರ ಐಮ್ಯಾಕ್ ಆ ಪಟ್ಟಿಯಲ್ಲಿ ಇಲ್ಲ. ಮುಂದಿನವೆಲ್ಲ ಆಪಲ್‌ನ ಸ್ವಂತ ಚಿಪ್‌ಗೆ ಮಾತ್ರ. ಮನೆಯಲ್ಲಿ ಆಗಲೇ 10ನೇ ತಲೆಮಾರು ಅಥವಾ ಅದಕ್ಕಿಂತ ಹಿಂದಿನ ಇಂಟೆಲ್ ಪ್ರೊಸೆಸರ್, 580 ಥರದ ಕಾರ್ಡ್ ಬಿದ್ದಿದ್ದರೆ ಬೇರೆ ಮಾತು, ಒಂದು ಹಳೇ ಎಸ್‌ಎಸ್‌ಡಿ ಸಿಕ್ಕಿಸಿ ಆಟ ಆಡಿ. ಆ ಎಸ್‌ಎಸ್‌ಡಿ ಸಿಕ್ಕಿಸುವಾಗ ವಿಂಡೋಸ್ ಡಿಸ್ಕ್‌ನ ಕೇಬಲ್ ಬಿಚ್ಚಿಡಿ, ಇನ್‌ಸ್ಟಾಲ್ ಮಾಡುವಾಗ ತಪ್ಪಿ ಅದನ್ನೇ ಅಳಿಸಿಕೊಂಡವರ ಪತ್ರಗಳು ನನ್ನ ಹತ್ತಿರ ಮೂರಿವೆ.