ಗಾಳಿಯ ಇಂಗಾಲ ಹಿಡಿದಿಡಲು, ಹಕ್ಕಿಗಳು ಮರಳಲು ಬೀಳು ಜಮೀನನ್ನು ಪೂರ್ತಿ ಸ್ವಚ್ಛ ಮಾಡಿಸಿ ಸ್ಥಳೀಯ ಮರಗಳನ್ನು ನೆಡಬೇಕು. ಎಕರೆಗೆ ಎಷ್ಟು ಗಿಡ, ಯಾವ ಜಾತಿ?

‘ಪೂರ್ತಿ ಸ್ವಚ್ಛ ಮಾಡಿಸಿ’ ಎಂದು ಬರೆದಿದ್ದೀರಲ್ಲ, ಆ ಮಾತು ಓದಿಯೇ ಉತ್ತರ ಬರೆಯಲು ಕುಳಿತೆ. ಇಂಗಾಲ ಹಿಡಿದಿಡಬೇಕು, ಹಕ್ಕಿಗಳು ಮರಳಬೇಕು ಎಂಬ ನಿಮ್ಮ ಆಸೆಯೇ ನನ್ನದೂ ಆಗಿತ್ತು. ಜೆಸಿಬಿಯವರಿಗೆ ಈಗಾಗಲೇ ಹೇಳಿದ್ದರೆ ದಯವಿಟ್ಟು ಇವತ್ತೇ ಬೇಡವೆನ್ನಿ. ಎಷ್ಟು ಗಿಡ, ಯಾವ ಜಾತಿ ಎಂಬುದು ಆಮೇಲಿನ ಮಾತು.

ಹನ್ನೊಂದು ವರ್ಷಗಳ ಹಿಂದೆ ನನ್ನ ಪಾಲಿಗೆ ನಾಲ್ಕು ಎಕರೆ ಬಂತು. ಬಹಳ ಕಾಲದಿಂದ ಉಳುಮೆ ಕಾಣದ ನೆಲ. ಮೊಣಕಾಲೆತ್ತರದ ಕುರುಚಲು, ನಡುನಡುವೆ ಎಲಚಿ ಮುಳ್ಳಿನ ಪೊದೆ, ಹುಲ್ಲು, ಕಲ್ಲು. ಮೇಕೆಗಳು ದಿನವೂ ಬಂದು ಮೇಯುತ್ತಿದ್ದವು. ಬೇಸಿಗೆಯಲ್ಲಿ ಸೌದೆಗೆಂದು ಯಾರಾದರೂ ಒಂದಿಷ್ಟು ಕಡಿದೊಯ್ಯುತ್ತಿದ್ದರು. ನನ್ನ ಕಣ್ಣಿಗೆ ಅದು ಖಾಲಿ ಜಮೀನು. ನಲವತ್ತು ಸ್ಥಳೀಯ ಜಾತಿಗಳ ಪಟ್ಟಿ ಮಾಡಿದೆ, ಹತ್ತು ಅಡಿಗೊಂದರಂತೆ ಲೆಕ್ಕ ಹಾಕಿ 1,600 ಸಸಿ ಹೊಂದಿಸಿದೆ, ಮಳೆಗಾಲಕ್ಕೆ ಮೊದಲು ಜೆಸಿಬಿ ತರಿಸಿದೆ. ಎರಡೂವರೆ ದಿನದಲ್ಲಿ ನೆಲ ಅಂಗೈಯಂತೆ ನುಣ್ಣಗಾಯಿತು. ಕಿತ್ತದ್ದನ್ನೆಲ್ಲ ರಾಶಿ ಹಾಕಿ ಸುಟ್ಟೆ.

ಅಲ್ಲಿ ಮೇಕೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಮೊದಲ ದಿನವೇ ಬಂದು, ‘ಮುತ್ತುಗದ ಬೊಡ್ಡೆಯನ್ನೇಕೆ ಕೀಳಿಸುತ್ತಿದ್ದೀಯಪ್ಪ? ಅದು ಸತ್ತಿಲ್ಲ, ಕುಳಿತಿದೆ’ ಎಂದರು. ಮೇಕೆಗಳಿಗೆ ಮೇವು ತಪ್ಪಿಹೋಗುತ್ತದೆ ಎಂಬ ಚಿಂತೆಗೆ ಹೀಗೆನ್ನುತ್ತಿದ್ದಾರೆ ಎಂದುಕೊಂಡು ತಲೆಯಾಡಿಸಿ ಕಳುಹಿಸಿದೆ. ಅವರು ಹೇಳಿದ್ದು ಅಕ್ಷರಶಃ ನಿಜ ಎಂದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು.

ತಪ್ಪು ಏನೆಂಬುದನ್ನು ಬಿಡಿಸಿ ಹೇಳುತ್ತೇನೆ, ಬೇಸರಿಸದೆ ಓದಿ. ಮೊಣಕಾಲೆತ್ತರದ ಗಿಡ ಎಂದು ನಾನು ಬಗೆದದ್ದು ಗಿಡವಲ್ಲ, ಮರ. ಮೇಲಿನ ಚಿಗುರಿಗೆ ವಯಸ್ಸು ಒಂದೋ ಎರಡೋ ವರ್ಷ, ಕೆಳಗಿನ ಬೇರಿಗೆ ಹಲವು ದಶಕ. ಮುತ್ತುಗ, ಬೇವು, ಎಲಚಿ ಇವೆಲ್ಲ ಕಡಿದಷ್ಟೂ ಬೊಡ್ಡೆಯಿಂದ ಮತ್ತೆ ಚಿಗುರುವ ಜಾತಿಗಳು. ಮುತ್ತುಗ ಮತ್ತು ಬೇವು ಬೇರಿನಿಂದಲೂ ಹೊಸ ಕುಡಿ ಎಬ್ಬಿಸುತ್ತವೆ. ಪ್ರತಿ ವರ್ಷ ಚಿಗುರುತ್ತವೆ, ಪ್ರತಿ ವರ್ಷ ಮೇಕೆ ತಿನ್ನುತ್ತದೆ ಅಥವಾ ಕತ್ತಿ ಕಡಿಯುತ್ತದೆ. ಹೀಗಾಗಿ ಅವು ಎಂದೂ ಮೊಣಕಾಲು ದಾಟುವುದಿಲ್ಲ. ಆದರೆ ಆ ಬೇರು ಕೆಳಗಿನ ತೇವವನ್ನು ಆಗಲೇ ಮುಟ್ಟಿರುತ್ತದೆ. ಅದರಲ್ಲಿ ಪಿಷ್ಟ ಕೂಡಿಟ್ಟಿರುತ್ತದೆ. ಸುತ್ತಲಿನ ಮಣ್ಣಿನ ಶಿಲೀಂಧ್ರಗಳೊಡನೆ ಅದರ ಕೊಡುಕೊಳ್ಳುವಿಕೆ ನಡೆದೇ ಇರುತ್ತದೆ. ಮರ ಬೆಳೆಸುವ ಕೆಲಸದಲ್ಲಿ ಅತಿ ಕಷ್ಟದ ಭಾಗ ಮುಗಿದಿದ್ದ ಜಾಗ ಅದು. ಆ ಭಾಗವನ್ನೇ ನಾನು ಯಂತ್ರ ತರಿಸಿ ಕೀಳಿಸಿದೆ. ಅದರ ಜಾಗದಲ್ಲಿ ನೆಟ್ಟದ್ದು ಪ್ಲಾಸ್ಟಿಕ್ ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿಕೊಂಡಿದ್ದ ಸಸಿ. ಬೇರನ್ನು ಇಳಿಸಬೇಕು, ಎಲೆ ಬಿಡಬೇಕು, ಬೇಸಿಗೆ ತಡೆಯಬೇಕು, ಎಲ್ಲವೂ ಒಂದೇ ವರ್ಷದಲ್ಲಿ.

ಮೊದಲ ದೊಡ್ಡ ಮಳೆಗೆ ಬೆತ್ತಲೆ ನೆಲದ ಮೇಲ್ಮಣ್ಣು ಕೆಂಪಗೆ ಹರಿದು ಗುಂಡಿಗಳಲ್ಲಿ ಹೂಳಾಗಿ ತುಂಬಿತು. ಎರಡನೆಯ ತಿಂಗಳಿಗೆ ಪಾರ್ಥೇನಿಯಂ ಕಳೆ ನಾನು ನೆಟ್ಟ ಸಸಿಗಳನ್ನೇ ಮುಚ್ಚಿತು. ಶ್ರೀಗಂಧದ ಮೂವತ್ತು ಸಸಿಗಳು ಒಂದೂ ಉಳಿಯಲಿಲ್ಲ. ಅದು ಬೇರೆ ಗಿಡದ ಬೇರಿಗೆ ತನ್ನ ಬೇರು ಕಚ್ಚಿ ಬದುಕುವ ಮರ, ಕಚ್ಚಲು ನಾನು ಏನನ್ನೂ ಉಳಿಸಿರಲಿಲ್ಲ. ಎರಡು ಬೇಸಿಗೆ ನೀರು ಹೊತ್ತೆವು. ಮೂರನೆಯ ವರ್ಷದ ಕೊನೆಗೆ ಎಣಿಸಿದಾಗ ಜೀವಂತ ಇದ್ದದ್ದು 212.

ಅದೇ ಜಮೀನಿನ ಮೂಲೆಯಲ್ಲಿ ಬಂಡೆಗಳಿದ್ದ ಹದಿನೈದು ಗುಂಟೆಗೆ ಯಂತ್ರ ಇಳಿದಿರಲಿಲ್ಲ. ಸಸಿಗಳಿಗೆಂದು ಹಾಕಿದ ಬೇಲಿಯೊಳಗೆ ಅದೂ ಸೇರಿತ್ತು, ಅಷ್ಟೇ. ಒಂದು ಗುಂಡಿ ತೋಡಲಿಲ್ಲ, ಒಂದು ಕೊಡ ನೀರು ಹಾಕಲಿಲ್ಲ. ಮೇಕೆ ಬರುವುದು ನಿಂತ ಎರಡನೆಯ ವರ್ಷಕ್ಕೆ ಅಲ್ಲಿನ ಬೇವಿನ ಕುಡಿಗಳು ನನ್ನ ತಲೆ ಮೀರಿದವು. ಐದನೆಯ ವರ್ಷಕ್ಕೆ ಮುತ್ತುಗ ಹೂ ಬಿಟ್ಟಿತು. ಎಲಚಿ ಪೊದೆಯ ಕೆಳಗೆ ಬಗ್ಗಿ ನೋಡಿದರೆ ನೇರಳೆ, ಶ್ರೀಗಂಧ, ಬೇವಿನ ಮರಿಗಳು! ಪಿಕಳಾರ, ಕೋಗಿಲೆಗಳು ಹಣ್ಣು ತಿಂದು ಬಂದು ಕೊಂಬೆಯ ಮೇಲೆ ಕುಳಿತು ಬೀಜ ಉದುರಿಸಿದ್ದವು. ಮುಳ್ಳು ಅವನ್ನು ಕಾಪಾಡಿತ್ತು, ನೆರಳು ತೇವ ಉಳಿಸಿತ್ತು. ನಾನು ದುಡಿದು ಕೊಲ್ಲಿಸಿದ ಶ್ರೀಗಂಧ ಅಲ್ಲಿ ತಾನಾಗಿ ಎದ್ದು ನಿಂತಿತ್ತು. ಅಂದು ಆ ಹಿರಿಯರನ್ನು ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಒಂದು ವರ್ಷವಾಗಿತ್ತು.

ಇದು ನನ್ನೊಬ್ಬನ ಜಮೀನಿನ ವಿಶೇಷವೇನಲ್ಲ. ಆಫ್ರಿಕಾದ ನೈಜರ್ ದೇಶದ ಮರಾಡಿ ಪ್ರದೇಶದಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕೃಷಿತಜ್ಞರು ವರ್ಷಗಟ್ಟಲೆ ಸಸಿ ನೆಟ್ಟು, ಹೆಚ್ಚಿನವು ಸತ್ತು, ಕೈಚೆಲ್ಲುವ ಹಂತಕ್ಕೆ ಬಂದಿದ್ದರು. 1980ರ ದಶಕದ ಆರಂಭದಲ್ಲಿ ಒಂದು ದಿನ ದಾರಿಬದಿಯ ಪೊದೆಯೊಂದನ್ನು ಹತ್ತಿರದಿಂದ ನೋಡಿದಾಗ, ಅದು ಕಡಿದ ಮರದ ಬೊಡ್ಡೆಯ ಚಿಗುರು ಎಂದು ಹೊಳೆಯಿತು. ಹೊಲಗಳ ತುಂಬ ಅಂಥ ಜೀವಂತ ಬೇರುಗಳಿದ್ದವು. ರೈತರು ಅವನ್ನು ಕಡಿಯುವ ಬದಲು ಹೆಚ್ಚಿನ ಕುಡಿಗಳನ್ನಷ್ಟೇ ಸವರಿ ಬೆಳೆಸತೊಡಗಿದರು. ಎರಡು ದಶಕಗಳಲ್ಲಿ ಆ ದೇಶದಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರಗಳು ಹೀಗೆ ಮರಳಿದವು ಎಂಬುದು ಅಂದಾಜು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನಾನು ಇದನ್ನು ಓದಿದ್ದು ಎಲ್ಲವನ್ನೂ ಸುಟ್ಟು ನಾಲ್ಕು ವರ್ಷಗಳ ಮೇಲೆ.

ಇಂಗಾಲದ ಲೆಕ್ಕವೂ ನಿಮ್ಮ ಯೋಜನೆಗೆ ವಿರುದ್ಧವಾಗಿಯೇ ಇದೆ. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಟನ್ ಇಂಗಾಲ ಪೂರ್ತಿ ಉರಿದರೆ ಸುಮಾರು 3.67 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ನೆಟ್ಟ ಮೊದಲ ಕೆಲವು ವರ್ಷ ಸಸಿಯ ಒಣ ತೂಕವೇ ಅತ್ಯಲ್ಪ. ಅಷ್ಟರಲ್ಲಿ ನೀವು ಹಳೆಯ ಬೇರುಗಳನ್ನು ಸುಟ್ಟಿರುತ್ತೀರಿ, ಮಣ್ಣನ್ನು ಬುಡಮೇಲು ಮಾಡಿ ಅದರೊಳಗಿನ ಇಂಗಾಲವನ್ನು ಸೂಕ್ಷ್ಮಜೀವಿಗಳಿಗೆ ಒಡ್ಡಿರುತ್ತೀರಿ. ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ, ಸಾಲದಿಂದ ಶುರುವಾಗುತ್ತದೆ. ಕಾರ್ಬನ್ ಕ್ರೆಡಿಟ್ ಹಣದ, ಅಂದರೆ ಹಿಡಿದಿಟ್ಟ ಇಂಗಾಲಕ್ಕೆ ಸಿಗುವ ಹಣದ ಯೋಚನೆ ನಿಮಗಿದ್ದರೆ ಇದನ್ನೂ ತಿಳಿದಿರಿ: ಅಂಥ ಕ್ರೆಡಿಟ್ ಕೊಡುವ ವೆರಿಫೈಡ್ ಕಾರ್ಬನ್ ಸ್ಟ್ಯಾಂಡರ್ಡ್ ವ್ಯವಸ್ಥೆಯ ನಿಯಮದಲ್ಲಿ, ಹಿಂದಿನ ಹತ್ತು ವರ್ಷಗಳಲ್ಲಿ ಸಹಜ ಸಸ್ಯಸಂಕುಲವನ್ನು ಕ್ರೆಡಿಟ್ ಗಳಿಸಲೆಂದು ತೆಗೆದುಹಾಕಿದ ನೆಲದಲ್ಲಿ ಮರ ನೆಡುವ ಯೋಜನೆಗೆ ಅವಕಾಶವಿಲ್ಲ. ನನ್ನನ್ನು ಕೇಳಿದರೆ ಆ ಹಣವನ್ನು ನಂಬಿ ಮರ ಬೆಳೆಸಲು ಹೊರಡಲೇಬಾರದು.

ಹಾಗಾದರೆ ಏನು ಮಾಡಬೇಕು? ಬೇಲಿ. ಮೊದಲು ಬೇಲಿ, ಒಂದು ಮಳೆಗಾಲ ಪೂರ್ತಿ ಬೇರೆ ಏನೂ ಬೇಡ. ಮೇಯಿಸುವವರಿದ್ದರೆ ಅವರೊಡನೆ ಕುಳಿತು ಮಾತಾಡಿ, ಹುಲ್ಲು ಕೊಯ್ದುಕೊಳ್ಳಲು ಬಿಡಿ. ಅವರನ್ನು ಹೊರಗಟ್ಟಿ ಹಾಕಿದ ಬೇಲಿ ಉಳಿಯುವುದಿಲ್ಲ. ಮಳೆ ಬಿದ್ದ ಮೇಲೆ ಜಮೀನಿನಲ್ಲಿ ನಡೆಯಿರಿ, ಚಿಗುರಿದ ಪ್ರತಿ ಬೊಡ್ಡೆಗೂ ಒಂದು ಬಟ್ಟೆಯ ಚೂರು ಕಟ್ಟಿ. ಒಂದೊಂದು ಬೊಡ್ಡೆಯಲ್ಲಿ ನೇರವಾದ, ಗಟ್ಟಿಯಾದ ಎರಡು ಮೂರು ಕುಡಿ ಬಿಟ್ಟು ಉಳಿದವನ್ನು ಸವರಿ, ಉಳಿಸಿದ ಕುಡಿಯ ಕೆಳಗಿನ ಅರ್ಧದವರೆಗೆ ಪಕ್ಕದ ಕವಲು ತೆಗೆಯಿರಿ. ಸವರಿದ್ದನ್ನು ಸುಡಬೇಡಿ, ಅಲ್ಲೇ ನೆಲಕ್ಕೆ ಹೊದಿಸಿ. ಚಿಗುರುವುದೆಲ್ಲ ಸ್ಥಳೀಯವಲ್ಲ ಎಂಬುದು ಮಾತ್ರ ನೆನಪಿರಲಿ. ಲಂಟಾನ, ಬಳ್ಳಾರಿ ಜಾಲಿ ಎರಡೂ ಅಮೆರಿಕ ಖಂಡದಿಂದ ಬಂದವು, ಅವನ್ನು ತೆಗೆಯಲೇಬೇಕು. ಆದರೆ ಕೈಯಿಂದ, ಒಂದೊಂದಾಗಿ. ಲಂಟಾನದ ತಾಯಿಬೇರನ್ನು ನೆಲಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕತ್ತರಿಸಿ ಬುಡಮೇಲಾಗಿ ಇಟ್ಟರೆ ಸುತ್ತಲಿನ ಬೇರೆ ಗಿಡಕ್ಕೆ ಗಾಯವಾಗುವುದಿಲ್ಲ.

ಎರಡನೆಯ ವರ್ಷ ನೋಡಿದರೆ ಯಾವುದು ತಾನಾಗಿ ಬಂದಿದೆ, ಯಾವುದು ಬಂದಿಲ್ಲ ಎಂದು ತಿಳಿಯುತ್ತದೆ. ಬಾರದ್ದನ್ನು ಮಾತ್ರ ನೆಡಿ. ನಾನಾದರೆ ಮೊದಲು ಅತ್ತಿ, ಬಸರಿಯಂಥವನ್ನು ಹಾಕುತ್ತೇನೆ. ಬೇರೆ ಹಣ್ಣುಗಳಿಲ್ಲದ ಕಾಲದಲ್ಲೂ ಇವು ಹಣ್ಣು ಕೊಟ್ಟು ಹಕ್ಕಿ, ಬಾವಲಿಗಳನ್ನು ಸಾಕುತ್ತವೆ, ಆ ಹಕ್ಕಿಗಳು ಉಳಿದ ಬೀಜ ತರುತ್ತವೆ. ನೇರಳೆಯ ಬೀಜವನ್ನು ಹಣ್ಣು ಉದುರಿದ ಕೂಡಲೇ ಹಾಕಿ, ಒಣಗಿಸಿಟ್ಟರೆ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ಸಾಲು ಬೇಡ. ಪೊದೆಗಳ ಅಂಚಿನಲ್ಲಿ ಗುಂಪುಗುಂಪಾಗಿ ನೆಡಿ.

ನಿಮ್ಮ ನೆಲ ವರ್ಷವೂ ಟ್ರ್ಯಾಕ್ಟರ್ ಉಳುಮೆ ಕಂಡು ಒಂದೂ ಬೊಡ್ಡೆ ಉಳಿಯದಂತಾಗಿದ್ದರೆ ನನ್ನ ಮಾತು ಅರ್ಧ ಮಾತ್ರ ಅನ್ವಯ. ಆಗ ನೆಡಬೇಕಾಗುತ್ತದೆ, ಗುಂಪುಗಳಲ್ಲಿ. ಅದು ಎಂದೆಂದಿನಿಂದಲೂ ಹುಲ್ಲುಗಾವಲೇ ಆಗಿದ್ದರೆ ಒಂದು ಮರವನ್ನೂ ನೆಡಬೇಡಿ. ಬಯಲಿನಲ್ಲೇ ಗೂಡು ಮಾಡುವ ಹಕ್ಕಿಗಳಿಗೆ ನಿಮ್ಮ ಮರ ನೆಲೆಯಲ್ಲ, ಒಕ್ಕಲೆಬ್ಬಿಸುವಿಕೆ. ಹುಲ್ಲಿನ ಇಂಗಾಲ ಬಹುಪಾಲು ನೆಲದಡಿಯಲ್ಲೇ ಇರುತ್ತದೆ.

ಮೊದಲ ಮಳೆಯಾಗಿ ಮೂರು ವಾರ ಕಳೆದ ಮೇಲೆ ಜಮೀನಿನ ಫೋಟೊಗಳನ್ನು ಇಲ್ಲಿ ಹಾಕಿ. ದೂರದಿಂದ ತೆಗೆದದ್ದು ಬೇಡ. ನೆಲಕ್ಕೆ ಬಗ್ಗಿ, ಚಿಗುರಿನ ಬುಡ ಕಾಣುವಂತೆ ತೆಗೆಯಿರಿ. ಯಾವುದು ಬೊಡ್ಡೆಯಿಂದ ಬಂದದ್ದು, ಯಾವುದು ಬೀಜದಿಂದ ಬಂದದ್ದು ಎಂದು ಒಟ್ಟಿಗೆ ಗುರುತಿಸೋಣ.