ಗೋಲ್ಡನ್ ಗ್ಲೋಬ್‌ನಲ್ಲಿ ಸೊನ್ನೆ, ಆಸ್ಕರ್‌ನಲ್ಲಿ ಐದು: ‘ಅನೋರಾ’ ಗೆದ್ದಿದ್ದು ಹೇಗೆ?

ನೀವು ಕೇಳಿರೋದು ಎರಡು ವಿಷಯ. 2025ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್‌ನಿಂದ ಬರಿಗೈಯಲ್ಲಿ ಬಂದ ‘ಅನೋರಾ’ ಮಾರ್ಚ್‌ನಲ್ಲಿ ಅತ್ಯುತ್ತಮ ಚಿತ್ರವೂ ಸೇರಿ ಐದು ಆಸ್ಕರ್ ಗೆದ್ದದ್ದು ಲಾಬಿಯಿಂದಲೇ? ಮುಂದಿನ ಸಲ ಗೆಲ್ಲುವ ಚಿತ್ರವನ್ನು ಮೊದಲೇ ಊಹಿಸಲು ಏನನ್ನು ಗಮನಿಸಬೇಕು?

ಲಾಬಿ ಇದ್ದೇ ಇದೆ. ವಿಶೇಷ ಪ್ರದರ್ಶನ, ತಾರೆಯರ ಜತೆ ಸಂವಾದ, ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು, ಎಲ್ಲವೂ ನಡೆಯುತ್ತೆ. ಆದರೆ ಕಣದಲ್ಲಿರುವ ದೊಡ್ಡ ಚಿತ್ರಗಳೆಲ್ಲ ಅದನ್ನೇ ಮಾಡುತ್ತವೆ. ಮುಖ್ಯ ಕಾರಣ ಬೇರೆ: ಮತ ಹಾಕುವವರು ಬೇರೆ, ಎಣಿಸುವ ರೀತಿಯೂ ಬೇರೆ.

ಗ್ಲೋಬ್‌ಗೆ ಮತ ಹಾಕುವವರು ಬೇರೆಬೇರೆ ದೇಶಗಳ 300ಕ್ಕೂ ಹೆಚ್ಚು ಮನರಂಜನಾ ಪತ್ರಕರ್ತರು. ಆಸ್ಕರ್‌ಗೆ ಅಕಾಡೆಮಿಯ ಸುಮಾರು 10,000 ಸದಸ್ಯರು: ನಟರು, ಸಂಕಲನಕಾರರು, ಛಾಯಾಗ್ರಾಹಕರು, ಧ್ವನಿ ತಂತ್ರಜ್ಞರು. ಆ ಪಟ್ಟಿಗೂ ಈ ಪಟ್ಟಿಗೂ ಸಂಬಂಧವೇ ಇಲ್ಲ. ಗ್ಲೋಬ್ ಗೆದ್ದರೆ ಒಂದು ವಾರ ಸುದ್ದಿ, ನಾಲ್ಕು ಜನ ಜಾಸ್ತಿ ಚಿತ್ರ ನೋಡುತ್ತಾರೆ, ಅಷ್ಟೇ.

ಎಣಿಕೆಯ ವಿಷಯ ಕನ್ನಡಿಗರಿಗೆ ಹೊಸದಲ್ಲ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ ಪ್ರಾಶಸ್ತ್ಯದ ಮತ ಹಾಕುತ್ತೀರಲ್ಲ, ಅತ್ಯುತ್ತಮ ಚಿತ್ರಕ್ಕೂ ಹೆಚ್ಚುಕಡಿಮೆ ಅದೇ ಪದ್ಧತಿ. ಹತ್ತು ಚಿತ್ರಗಳಿಗೆ 1ರಿಂದ 10ರವರೆಗೆ ಅಂಕಿ ಕೊಡಬೇಕು. ಮೊದಲ ಪ್ರಾಶಸ್ತ್ಯದಲ್ಲೇ ಅರ್ಧಕ್ಕಿಂತ ಹೆಚ್ಚು ಮತ ಸಿಕ್ಕರೆ ಅಲ್ಲಿಗೆ ಮುಗಿಯಿತು. ಸಿಗದಿದ್ದರೆ ಕೊನೆಯಲ್ಲಿರುವ ಚಿತ್ರ ಹೊರಗೆ, ಅದರ ಮತಪತ್ರಗಳು ಮುಂದಿನ ಪ್ರಾಶಸ್ತ್ಯದ ಚಿತ್ರಕ್ಕೆ. ಒಂದು ಚಿತ್ರ ಅರ್ಧದ ಗೆರೆ ದಾಟುವವರೆಗೂ ಇದು ನಡೆಯುತ್ತೆ.

1000 ಮತ ಅಂದುಕೊಳ್ಳಿ. ಸುತ್ತುಗಳೆಲ್ಲ ಮುಗಿದು ಮೂರು ಚಿತ್ರ ಉಳಿದಿವೆ: ‘ಅ’ 420, ‘ಬ’ 310, ‘ಕ’ 270. ‘ಕ’ ಹೊರಬಿತ್ತು. ಆ 270 ಪತ್ರಗಳಲ್ಲಿ 200ರಲ್ಲಿ ‘ಬ’ ಮೇಲಿದೆ, 70ರಲ್ಲಿ ‘ಅ’. ಈಗ ‘ಬ’ 510, ‘ಅ’ 490. ಮೊದಲಿಂದ 110 ಮತ ಮುಂದಿದ್ದ ಚಿತ್ರ ಸೋತಿತು. ಕೆಲವರು ಹುಚ್ಚೆದ್ದು ಮೆಚ್ಚಿ, ಉಳಿದವರು ಏಳೆಂಟನೇ ಜಾಗಕ್ಕೆ ತಳ್ಳುವ ಚಿತ್ರಕ್ಕೆ ಆಗುವ ಗತಿ ಇದು.

ಇಲ್ಲಿ ಬಹಳ ಜನ ಎಡವುತ್ತಾರೆ. ಇದು ಅಂಕ ಕೂಡಿಸುವ ಪದ್ಧತಿ ಅಲ್ಲ. ‘ಅ’ ಮೊದಲು ಬರೆದವರ ಎರಡನೇ ಆಯ್ಕೆಯನ್ನು ಈ ಎಣಿಕೆಯಲ್ಲಿ ಯಾರೂ ನೋಡಲೇ ಇಲ್ಲ. ಹೊರಬಿದ್ದ ಚಿತ್ರದ ಪತ್ರಗಳಷ್ಟೇ ಕೈ ಬದಲಾಯಿಸುತ್ತವೆ. ಹಾಗಾಗಿ ಎಲ್ಲರ ಎರಡನೇ ಆಯ್ಕೆ ಆಗಿದ್ದೂ ಯಾರ ಮೊದಲ ಆಯ್ಕೆಯೂ ಅಲ್ಲದ ಚಿತ್ರ ಮೊದಲ ಸುತ್ತಲ್ಲೇ ಮನೆಗೆ. ಬುಡದಲ್ಲಿ ಸಾಕಷ್ಟು ಮೊದಲ ಮತ ಬೇಕು, ಮೇಲೆ ಎಲ್ಲರ ಒಪ್ಪಿಗೆಯೂ ಬೇಕು. ಒಂದೇ ಹೆಸರು ಬರೆದು ಪತ್ರ ಕೊಟ್ಟವರ ಮತ, ಆ ಚಿತ್ರ ಹೊರಬಿದ್ದ ಕ್ಷಣಕ್ಕೆ ಸತ್ತಂತೆ.

ಈ ಪದ್ಧತಿ ಅತ್ಯುತ್ತಮ ಚಿತ್ರಕ್ಕೆ ವಾಪಸ್ ಬಂದಿದ್ದು 2010ರ ಸಮಾರಂಭದಿಂದ. ನಿರ್ಮಾಪಕರ ಸಂಘವಾದ ಪಿಜಿಎ ಕೂಡ ಇದನ್ನೇ ಬಳಸುತ್ತೆ, ಆದ್ದರಿಂದ ಊಹೆಗೆ ನಾನು ಮೊದಲು ನೋಡುವುದು ಪಿಜಿಎ. 2019ರಲ್ಲಿ ‘ರೋಮಾ’ಗೆ ಡಿಜಿಎ (ನಿರ್ದೇಶಕರ ಸಂಘದ ಪ್ರಶಸ್ತಿ), ಬಾಫ್ಟಾ (ಬ್ರಿಟಿಷ್ ಅಕಾಡೆಮಿಯ ಪ್ರಶಸ್ತಿ) ಎರಡೂ ಬಂದವು, ಪಿಜಿಎ ಬಂದದ್ದು ‘ಗ್ರೀನ್ ಬುಕ್’ಗೆ, ಆಸ್ಕರ್ ಕೂಡ. 2022ರಲ್ಲಿ ‘ದ ಪವರ್ ಆಫ್ ದ ಡಾಗ್’ ಹಾಗೇ ಡಿಜಿಎ, ಬಾಫ್ಟಾ ಜತೆಗೆ ಗ್ಲೋಬ್ ಕೂಡ ಗೆದ್ದು ‘ಕೋಡಾ’ ಎದುರು ಸೋತಿತು. 2025ರಲ್ಲಿ ಪಿಜಿಎ, ಡಿಜಿಎ ಎರಡೂ ಒಂದೇ ರಾತ್ರಿ, ಫೆಬ್ರವರಿ 8ರಂದು, ‘ಅನೋರಾ’ಗೆ ಬಂದವು, ಗ್ಲೋಬ್‌ನ ಸೊನ್ನೆಯನ್ನು ಮರೆಯಬೇಕಾದ ರಾತ್ರಿ ಅದು. ಹಾಗಂತ ಪಿಜಿಎ ಬ್ರಹ್ಮಲಿಪಿಯೂ ಅಲ್ಲ. ‘ಲಾ ಲಾ ಲ್ಯಾಂಡ್’, ‘1917’ ಎರಡೂ ಪಿಜಿಎ, ಡಿಜಿಎ, ಗ್ಲೋಬ್, ಬಾಫ್ಟಾ ಎಲ್ಲ ಗೆದ್ದು ಕೊನೆಗೆ ‘ಮೂನ್‌ಲೈಟ್’ ಮತ್ತು ‘ಪ್ಯಾರಸೈಟ್’ಗೆ ಜಾಗ ಬಿಟ್ಟವು. ‘ಪ್ಯಾರಸೈಟ್’ ನಟರ ಸಂಘದ ತಾರಾಗಣ ಪ್ರಶಸ್ತಿ ಗೆದ್ದಿತ್ತು. ಅಕಾಡೆಮಿಯಲ್ಲಿ ಅತಿ ದೊಡ್ಡ ವಿಭಾಗ ನಟರದ್ದೇ, ಆ ಸೂಚನೆಯನ್ನು ಎಷ್ಟೋ ಜನ ಕಡೆಗಣಿಸಿದ್ದರು.

ನಾಮನಿರ್ದೇಶನದ ಸಂಖ್ಯೆ ನೋಡಿ ಬೆರಗಾಗಬೇಡಿ. ‘ದ ಪವರ್ ಆಫ್ ದ ಡಾಗ್’ಗೆ 12 ನಾಮನಿರ್ದೇಶನ, ಗೆದ್ದಿದ್ದು 1. ‘ಎಮಿಲಿಯಾ ಪೆರೆಜ್’ಗೆ 13, ಗೆದ್ದಿದ್ದು 2. ‘ಕೋಡಾ’ಗೆ ಮೂರೇ ಮೂರು, ಮೂರೂ ಗೆದ್ದಿತು.

ನಟನಾ ವಿಭಾಗಗಳಿಗೆ ಮೇಲಿನ ಲೆಕ್ಕ ಹಾಕಬೇಡಿ. ಅಲ್ಲಿ ಕೊನೆಯ ಸುತ್ತಿನಲ್ಲಿ ಪ್ರಾಶಸ್ತ್ಯ ಇಲ್ಲ, ಹೆಚ್ಚು ಮತ ಬಂದವರು ಗೆದ್ದರು. ಐವರಿಗೆ ಮತ ಹಂಚಿಹೋದರೆ 20 ಶೇಕಡಾಕ್ಕಿಂತ ಸ್ವಲ್ಪ ಹೆಚ್ಚಿದ್ದರೂ ಸಾಕು. ಅಚ್ಚರಿಗಳು ಹೆಚ್ಚಾಗಿ ಇಲ್ಲೇ ಆಗುವುದು, ‘ಅನ್ಯಾಯ’ ಅನ್ನುವ ಕೂಗೂ ಇಲ್ಲೇ. 2021ರಲ್ಲಿ ಚಾಡ್ವಿಕ್ ಬೋಸ್‌ಮನ್ ಗ್ಲೋಬ್ ಮತ್ತು ನಟರ ಸಂಘದ ಪ್ರಶಸ್ತಿ ಎರಡನ್ನೂ ಪಡೆದಿದ್ದರು; ಅಂದು ನಟ ಪ್ರಶಸ್ತಿಯನ್ನೇ ಕಟ್ಟಕಡೆಗೆ ಇಟ್ಟರು. ಗೆದ್ದದ್ದು ಸಭೆಯಲ್ಲೇ ಇರದಿದ್ದ ಆಂಥನಿ ಹಾಪ್‌ಕಿನ್ಸ್. 2025ರಲ್ಲಿ ನಟಿ ಪ್ರಶಸ್ತಿ, ಗೆಲ್ಲುವ ನಿರೀಕ್ಷೆಯಿದ್ದ ಡೆಮಿ ಮೂರ್ ಬದಲು ‘ಅನೋರಾ’ದ ನಾಯಕಿ ಮೈಕಿ ಮ್ಯಾಡಿಸನ್‌ಗೆ. ಇಬ್ಬರು ವಿಜೇತರ ಕೈಯಲ್ಲೂ ಬಾಫ್ಟಾ ಇತ್ತು. ಆದ್ದರಿಂದ ನಟನೆಗೆ ಬಾಫ್ಟಾ ಮತ್ತು ನಟರ ಸಂಘ ಎರಡನ್ನೂ ನೋಡಿ. ಎರಡೂ ಬೇರೆಬೇರೆಯವರಿಗೆ ಹೋಗಿದ್ದರೆ ಪಂದ್ಯ ತೆರೆದೇ ಇದೆ ಎಂದರ್ಥ.

ದಿನಾಂಕಗಳನ್ನೂ ಗುರುತಿಟ್ಟುಕೊಳ್ಳಿ. 2025ರಲ್ಲಿ ಆಸ್ಕರ್‌ನ ಅಂತಿಮ ಮತದಾನ ಫೆಬ್ರವರಿ 11ರಿಂದ 18. ನಟರ ಸಂಘದ ಸಮಾರಂಭ 23ಕ್ಕೆ. ಅಂದು ‘ಕಾನ್‌ಕ್ಲೇವ್’ ಗೆದ್ದಾಗ ‘ಗಾಳಿ ತಿರುಗಿತು’ ಎಂದವರಿಗೆ ಪೆಟ್ಟಿಗೆಗೆ ಬೀಗ ಬಿದ್ದು ಐದು ದಿನ ಆಗಿದ್ದು ಗೊತ್ತಿರಲಿಲ್ಲ. ಮತ ಮುಗಿದ ಮೇಲಿನ ಗೆಲುವು ಯಾರ ಮನಸ್ಸನ್ನೂ ಬದಲಿಸಲಾರದು. ಮತದಾರರ ಒಲವು ಎತ್ತ ಇತ್ತು ಅಂತ ಹೇಳಬಹುದು, ಅಷ್ಟೇ.

ನಮ್ಮ ಕಡೆಯ ಸುದ್ದಿಗಳ ಬಗ್ಗೆಯೂ ಒಂದು ಮಾತು. 2023ರ ಜನವರಿಯಲ್ಲಿ ‘ಕಾಂತಾರ’ ಇದ್ದ ‘ಆಸ್ಕರ್ ಪಟ್ಟಿ’ 301 ಚಿತ್ರಗಳದ್ದು, ಅರ್ಹ ಚಿತ್ರಗಳ ಪಟ್ಟಿ. ಅದು ಷಾರ್ಟ್‌ಲಿಸ್ಟ್ ಅಲ್ಲ. ಅಮೆರಿಕದ ಆರು ನಿಗದಿತ ನಗರ ಪ್ರದೇಶಗಳಲ್ಲಿ ಒಂದರಲ್ಲಿ ಸತತ ಏಳು ದಿನ ಓಡಿ, ಅರ್ಜಿ ಸಲ್ಲಿಸಿದರೆ ಸಾಮಾನ್ಯ ವಿಭಾಗಗಳಿಗೆ ಅರ್ಹತೆ ಸಿಗುತ್ತೆ. ಅತ್ಯುತ್ತಮ ಚಿತ್ರಕ್ಕೆ ಈಗ ಇನ್ನೂ ಹೆಚ್ಚಿನ ಷರತ್ತುಗಳಿವೆ. ‘ನಾಟು ನಾಟು’ ದಾರಿ ಬೇರೆ: ಸಂಗೀತ ವಿಭಾಗದ ಸದಸ್ಯರು ಮೊದಲು 15 ಹಾಡು ಆರಿಸಿ, ಅದರಲ್ಲಿ ಐದಕ್ಕೆ ಇಳಿಸಿದರು, ಆಮೇಲಷ್ಟೇ ಇಡೀ ಅಕಾಡೆಮಿ ಮತ ಹಾಕಿತು. ಆ 15ರ ಪಟ್ಟಿಯಲ್ಲಿ ಹೆಸರಿದ್ದರೆ ಪಟಾಕಿ ತರಬಹುದು. 301ರಲ್ಲಿದ್ದರೆ ಇನ್ನೂ ಸ್ವಲ್ಪ ಕಾಯಿರಿ.